40 ಅಡಿ ರಸ್ತೆಯಲ್ಲಿ ನಮ್ಮ 6 ಅಡಿ

ನಮ್ಮ ಬೀದಿಯಲ್ಲಿ ಫುಟ್‌ಪಾತ್ ಇಲ್ಲ ಅಂತ ಹೇಳಿದರೆ ವಾರ್ಡ್ ಕಚೇರಿಯವರು ಒಪ್ಪುವುದಿಲ್ಲ. ಅವರ ಫೈಲಿನಲ್ಲಿ ಇದೆ. ಅದೂ ಎರಡೂ ಬದಿಗೆ. ಚರಂಡಿ ಮೇಲೆ ಚಪ್ಪಡಿ ಹಾಸಿ, ಅಂಚಿಗೆ ಕಲ್ಲು ಕೂರಿಸಿ, ಕಪ್ಪು-ಹಳದಿ ಬಣ್ಣ ಬಳಿದಿದ್ದಾರೆ. ಆದರೆ ಅದರ ಮೇಲೆ ನಡೆಯುವವರು ಯಾರೂ ಇಲ್ಲ. ಶಾಲೆಗೆ ಹೋಗುವ ಮಕ್ಕಳು, ಹಾಲು ತರುವವರು, ಬೆಳಗಿನ ವಾಕಿಂಗಿನವರು, ಎಲ್ಲರೂ ನಡುರಸ್ತೆಯಲ್ಲೇ.

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ಹೊರವರ್ತುಲ ರಸ್ತೆಗೆ ಹತ್ತಿರದ ಹಳೇ ಬಡಾವಣೆ ನಮ್ಮದು. ಮೊದಲೆಲ್ಲ ನಡುರಸ್ತೆಯಲ್ಲಿ ನಡೆದರೂ ತೊಂದರೆ ಇರಲಿಲ್ಲ. ಹುಡುಗರು ಅಲ್ಲೇ ಕ್ರಿಕೆಟ್ ಆಡುತ್ತಿದ್ದರು. ಎಲ್ಲರ ಫೋನಿಗೂ ಮ್ಯಾಪ್ ಬಂದ ಮೇಲೆ ಕಥೆ ಬದಲಾಯಿತು. ರಿಂಗ್ ರಸ್ತೆಯಲ್ಲಿ ಗಾಡಿಗಳು ನಿಂತವೋ, ಮ್ಯಾಪು ಎಲ್ಲರನ್ನೂ ನಮ್ಮ ಬೀದಿಗೆ ತಿರುಗಿಸುತ್ತದೆ. ಬೆಳಗ್ಗೆ ಎಂಟಕ್ಕೆ ಬಾಗಿಲಲ್ಲಿ ನಿಂತರೆ ಸ್ಕೂಲ್ ವ್ಯಾನು, ಕ್ಯಾಬು, ನೀರಿನ ಟ್ಯಾಂಕರು, ಡೆಲಿವರಿ ಹುಡುಗರ ಸ್ಕೂಟರು. ಎರಡೂ ಕಡೆ ಕಾರುಗಳು ನಿಂತಿರುವುದರಿಂದ ಉಳಿದ ನಡುಭಾಗದಲ್ಲೇ ಇವರೆಲ್ಲ ಹೋಗಬೇಕು. ನಾವೂ ಅಲ್ಲೇ ಹೋಗಬೇಕು.

ಹೀಗೇ ಒಂದು ಬೆಳಗ್ಗೆ ಇಸ್ತ್ರಿ ಗಾಡಿಯ ಅಕ್ಕ ಬಟ್ಟೆ ಗಂಟು ಹೊತ್ತು ಹೋಗುತ್ತಿದ್ದಾಗ ಹಿಂದಿನಿಂದ ಟ್ಯಾಂಕರ್ ಹಾರ್ನ್ ಹೊಡೆದ. ಅವರು ಪಕ್ಕಕ್ಕೆ ಸರಿದರು. ಅದೇ ಸಂದಿಯಲ್ಲಿ ನುಗ್ಗಿದ ಸ್ಕೂಟರಿನ ಹ್ಯಾಂಡಲ್ ಅವರ ಮೊಣಕೈಗೆ ಬಡಿಯಿತು. ಗಂಟು ಕೊಚ್ಚೆಗೆ ಬಿತ್ತು. ಅದರಲ್ಲಿ ಎದುರುಮನೆಯವರ ರೇಷ್ಮೆ ಸೀರೆಯೂ ಇತ್ತು. ಆವತ್ತು ಸಂಜೆಯೇ ವಾಟ್ಸಾಪ್ ಗ್ರೂಪಿನಲ್ಲಿ ಅರ್ಜಿ ತಯಾರಾಯಿತು. ಬೀದಿ ಎಚ್ಚೆತ್ತದ್ದು ಅಕ್ಕನ ಕೈ ಊದಿಕೊಂಡಿದ್ದಕ್ಕೋ ಸೀರೆ ಹಾಳಾಗಿದ್ದಕ್ಕೋ, ನಾನು ವಿಚಾರಿಸಲು ಹೋಗಲಿಲ್ಲ.

ಅರ್ಜಿ ಕೊಟ್ಟು, ಫೋನ್ ಮಾಡಿ, ಮತ್ತೆ ಫೋನ್ ಮಾಡಿ, ಕೊನೆಗೊಂದು ಶನಿವಾರ ಎಂಜಿನಿಯರ್ ಬಂದರು. ಇನ್ನೂ ಚಿಕ್ಕ ವಯಸ್ಸು. ಒಂದು ಕೈಯಲ್ಲಿ ಹೆಲ್ಮೆಟ್, ಇನ್ನೊಂದರಲ್ಲಿ ಅಳತೆ ಟೇಪು. ಕಾದು ನಿಂತಿದ್ದವರು ನಾವು ಏಳೆಂಟು ಮಂದಿ. ನಿವೃತ್ತ ಮೇಷ್ಟ್ರು ಜುಬ್ಬದ ಜೇಬಿನ ತುಂಬ ಪೇಪರ್ ಕಟಿಂಗ್ ತುಂಬಿಕೊಂಡು ಬಂದಿದ್ದರು.

"ಎಷ್ಟು ಅಗಲ ಬೇಕು ಅಂತೀರಿ?" ಎಂಜಿನಿಯರ್ ಕೇಳಿದರು.

"ನೀವೇ ಹೇಳಿ ಸಾರ್, ನಿಯಮ ಏನಿದೆ?" ಅಂದರು ಮೇಷ್ಟ್ರು. ಅವರಿಗೆ ಉತ್ತರ ಗೊತ್ತಿತ್ತು. ಪಾಠ ಒಪ್ಪಿಸಲು ಹೇಳುವ ಚಟ ಅವರಿಗೆ ಇನ್ನೂ ಹೋಗಿಲ್ಲ.

ನಿಯಮ ಇದೆ. ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆ 2012ರಲ್ಲಿ ಪಾದಚಾರಿಗಳಿಗಾಗಿಯೇ ಹೊರತಂದ ಮಾರ್ಗಸೂಚಿ ಪ್ರಕಾರ, ಮನೆಗಳಿರುವ ಬೀದಿಯಲ್ಲಿ ನಡೆಯಲು ಕನಿಷ್ಠ 1.8 ಮೀಟರ್ ಖಾಲಿ ಜಾಗ ಬೇಕು. ಅಂದರೆ ಸುಮಾರು 6 ಅಡಿ. ಎದುರುಬದುರು ಬಂದ ಎರಡು ಗಾಲಿಕುರ್ಚಿಗಳು ಒಂದನ್ನೊಂದು ದಾಟಿ ಹೋಗುವಷ್ಟು. ಎತ್ತರ 150 ಮಿಲಿಮೀಟರ್, ಅಂದರೆ 6 ಇಂಚು ಮೀರಬಾರದು. ಮೀರಿದರೆ ವಯಸ್ಸಾದವರಿಗೆ ಹತ್ತಲು ಆಗುವುದಿಲ್ಲ.

ಮೊದಲ ಮನೆಯ ಮುಂದೆ ಟೇಪ್ ಹಿಡಿದೆವು. ಎತ್ತರ 14 ಇಂಚು. ಅಲ್ಲಿಂದ ನಾಲ್ಕು ಹೆಜ್ಜೆಗೆ ಫುಟ್‌ಪಾತೇ ಮುಗಿಯಿತು. ಕಾರು ಹತ್ತಿಸಲು ಹಾಕಿಸಿದ ಗ್ರಾನೈಟ್ ರ‍್ಯಾಂಪು ಗೇಟಿನಿಂದ ಇಳಿದು, ಚಪ್ಪಡಿ ದಾಟಿ, ಟಾರಿನ ಮೇಲೂ ಎರಡು ಅಡಿ ಚಾಚಿಕೊಂಡಿತ್ತು. ನುಣುಪು ಗ್ರಾನೈಟು. ಮಳೆ ಬಂದರೆ ಅದರ ಮೇಲೆ ಬೆಕ್ಕೂ ಜಾರುತ್ತದೆ. ರ‍್ಯಾಂಪ್ ಇಳಿದು ಆಚೆ ಮತ್ತೆ 9 ಇಂಚು ಹತ್ತಬೇಕು. ಅಲ್ಲಿ ಹೂಕುಂಡಗಳ ಸಾಲು, ಸುತ್ತ ತಂತಿ ಬೇಲಿ, ನಡುವೆ ಒಂದು ಕರಿಬೇವಿನ ಗಿಡ. ಮುಂದಿನ ಮನೆಯ ಸಂಪಿನ ಮುಚ್ಚಳ ಫುಟ್‌ಪಾತಿನಲ್ಲೇ ಇದೆ. ಆಮೇಲೆ ಟ್ರಾನ್ಸ್‌ಫಾರ್ಮರ್. ಅದರಾಚೆ ಮನೆ ಕಟ್ಟುತ್ತಿರುವವರ ಎಂ-ಸ್ಯಾಂಡ್ ರಾಶಿ. ಕಂಬಕ್ಕೆ ಸುತ್ತಿ ನೇತುಹಾಕಿದ ಕೇಬಲ್ ಸಿಂಬಿ ಸರಿಯಾಗಿ ಹಣೆಯ ಎತ್ತರಕ್ಕಿದೆ. ಒಂದು ಕಡೆ ಚಪ್ಪಡಿ ಒಡೆದು ಚರಂಡಿ ಬಾಯಿ ತೆರೆದಿತ್ತು. ಯಾರೋ ಪುಣ್ಯಾತ್ಮರು ಅದರೊಳಗೆ ಒಣಕೊಂಬೆ ನೆಟ್ಟು, ತುದಿಗೆ ಕೆಂಪು ಪ್ಲಾಸ್ಟಿಕ್ ಚೀಲ ಕಟ್ಟಿದ್ದರು.

ಎಂಜಿನಿಯರ್ ಪಕ್ಕದ ಚಪ್ಪಡಿ ಮೇಲೆ ಕಾಲಿಟ್ಟರು. ಅದು ದಡಕ್ಕಂತ ಅಲ್ಲಾಡಿತು. ಇಳಿದು ರಸ್ತೆಗೇ ಬಂದರು. ಆಮೇಲೆ ಅಳತೆ ಮುಗಿಯುವವರೆಗೂ ಅವರೂ ನಮ್ಮ ಹಾಗೆ ರಸ್ತೆಯಲ್ಲೇ ನಡೆದರು.

ರ‍್ಯಾಂಪ್ ಯಾಕೆ ಹೊರಗೆ ಬರುತ್ತದೆ ಅಂತ ಅವರು ಹೇಳಿದ್ದು ನನಗೆ ಹೊಸದು. ರಸ್ತೆಗೆ ಪ್ರತಿ ಸಲ ಟಾರು ಹಾಕುವಾಗ ಹಳೇ ಪದರ ಕೆರೆದು ತೆಗೆಯಬೇಕು. ತೆಗೆಯದೆ ಮೇಲೇ ಹಾಕಿದರೆ ರಸ್ತೆ ಇಂಚಿಂಚಾಗಿ ಏರುತ್ತದೆ. ಮಳೆನೀರು ಮನೆಯೊಳಗೆ ನುಗ್ಗಬಾರದು ಅಂತ ಹೊಸದಾಗಿ ಕಟ್ಟುವವರು ಮನೆಯ ಪಾಯ ಇನ್ನೂ ಎತ್ತರ ಮಾಡುತ್ತಾರೆ. ಪಾಯ ಎತ್ತರವಾದಷ್ಟೂ ರ‍್ಯಾಂಪ್ ಉದ್ದ ಬೇಕು. ಗೇಟಿನೊಳಗೆ ಅಷ್ಟು ಜಾಗ ಬಿಟ್ಟಿರುವುದಿಲ್ಲ. ಹಾಗಾಗಿ ಇಳಿಜಾರು ಪೂರ್ತಿ ಗೇಟಿನ ಆಚೆಗೆ, ನಾವು ನಡೆಯುವ ಕಡೆಗೆ ಬರುತ್ತದೆ.

"ಒಳಗೇ ಮಾಡಬಹುದು. ಬನ್ನಿ, ತೋರಿಸ್ತೀನಿ" ಅಂತ ಒಂದು ಮನೆಯ ಮುಂದೆ ನಿಲ್ಲಿಸಿದರು. ನಾನು ಎಷ್ಟೋ ಸಲ ದಾಟಿ ಹೋದ ಮನೆ, ಗಮನಿಸಿರಲಿಲ್ಲ. ಅವರು ಗೇಟನ್ನೇ ಐದಾರು ಅಡಿ ಹಿಂದಕ್ಕೆ ಇಟ್ಟಿದ್ದಾರೆ. ಇಳಿಜಾರು ಪೂರ್ತಿ ಅವರ ಜಾಗದಲ್ಲೇ ಮುಗಿಯುತ್ತದೆ. ಮುಂದಿನ ಫುಟ್‌ಪಾತು ಸಪಾಟು, ಅಂಚಿಗೆ ಮಾತ್ರ ಕಾರಿನ ಚಕ್ರ ಹತ್ತುವಷ್ಟು ಸಣ್ಣ ಓರೆ. ನಾವು ತಲೆದೂಗುತ್ತಿರುವಾಗಲೇ ಊಟದ ಡಬ್ಬಿ ಬೆನ್ನಿಗೇರಿಸಿಕೊಂಡ ಹುಡುಗನೊಬ್ಬ ಸ್ಕೂಟರನ್ನು ಅದರ ಮೇಲೆ ಹತ್ತಿಸಿ, ನಮ್ಮೆಲ್ಲರನ್ನೂ ಬಳಸಿ ಮುಂದೆ ಹೋದ. ಬೀದಿಗೆಲ್ಲ ಇದ್ದ ಒಂದೇ ಒಳ್ಳೆಯ ತುಂಡು ಓವರ್‌ಟೇಕ್ ಮಾಡುವ ಜಾಗವಾಗಿತ್ತು.

"ಅದಕ್ಕೆ ಕಂಬ ನೆಡಿಸಿ" ಅಂತ ಒಬ್ಬರು ಹೇಳಿದರು. ಗಾಲಿಕುರ್ಚಿ ನುಸುಳುವಷ್ಟು ಸಂದಿ ಬಿಟ್ಟರೆ ಸ್ಕೂಟರೂ ನುಸುಳುತ್ತದೆ. ಎಂಜಿನಿಯರ್ ತಲೆ ಕೆರೆದುಕೊಂಡರು. ಫುಟ್‌ಪಾತ್ ಮೇಲೆ ಗಾಡಿ ಓಡಿಸುವುದು ಅಪರಾಧ, ದಂಡ ಹಾಕುವವರು ಪೊಲೀಸರು. ಅವರನ್ನೂ ಕರೆಯಬೇಕಾಗುತ್ತದೆ ಅಂದರು.

ಹೊಂಗೆ ಮರದ ಹತ್ತಿರ ಬಂದಾಗ ಮೂಲೆಮನೆ ಅಂಕಲ್ ಮುಂದೆ ಬಂದರು. "ಮೊದಲು ಈ ಇಸ್ತ್ರಿ ಗಾಡಿ ಎತ್ತಿಸಿ ಸಾರ್. ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತೆ."

ಇಸ್ತ್ರಿ ಅಕ್ಕ ಪೆಟ್ಟಿಗೆಯ ಇದ್ದಿಲು ಕೆದಕುತ್ತಿದ್ದರು. ತಲೆ ಎತ್ತಲಿಲ್ಲ. ಎಂಜಿನಿಯರ್ ಗಾಡಿಯನ್ನೂ ಅಳೆದರು. ಮರದ ಬುಡದ ಸಾಲಿನಲ್ಲೇ ನಿಂತ ಗಾಡಿ. ಅದನ್ನು ಎತ್ತಿದರೂ ಮರ ಅಲ್ಲೇ ಇರುತ್ತದೆ, ನಡೆಯಲು ಸಿಗುವ ಜಾಗ ಒಂದು ಇಂಚೂ ಜಾಸ್ತಿ ಆಗುವುದಿಲ್ಲ. ಅಲ್ಲದೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ, ಸರ್ವೆ ಮುಗಿಸಿ ಸರ್ಟಿಫಿಕೇಟ್ ಕೊಡುವ ತನಕ ಇರುವವರನ್ನು ಎಬ್ಬಿಸುವ ಹಾಗಿಲ್ಲ. ಅದನ್ನು ಅವರು ಮೆಲ್ಲಗೆ ಹೇಳಿದರು.

ಆಗ ಅಕ್ಕ ಬಾಯಿ ಬಿಟ್ಟರು. "ನಂಗೂ ಫುಟ್‌ಪಾತ್ ಬೇಕು ಸಾರ್. ದಿನಾ ಮೂವತ್ತು ಮನೆಗೆ ಬಟ್ಟೆ ಮುಟ್ಟಿಸ್ತೀನಿ. ಈ ಬೀದೀಲಿ ನನ್ನಷ್ಟು ನಡೆಯೋರು ಯಾರವ್ರೆ ಹೇಳಿ?"

ಯಾರೂ ಹೇಳಲಿಲ್ಲ. ಅಲ್ಲಿ ಸೇರಿದ್ದ ನಮ್ಮಲ್ಲಿ ಮುಕ್ಕಾಲು ಪಾಲು ಮಂದಿ ತರಕಾರಿಗೂ ಕಾರಿನಲ್ಲೇ ಹೋಗುತ್ತಾರೆ. ಈ ಸ್ಥಳ ಪರಿಶೀಲನೆಗೆ ಅಕ್ಕನನ್ನು ಯಾರೂ ಕರೆದಿರಲಿಲ್ಲ. ಅವರ ಗಾಡಿ ಅಲ್ಲಿದ್ದ ಕಾರಣಕ್ಕೆ ಅವರು ಅಲ್ಲಿದ್ದರು, ಅಷ್ಟೇ.

ಅಂಕಲ್ ದಾರಿ ಬದಲಿಸಿದರು. "ಇಷ್ಟು ವರ್ಷ ರಸ್ತೇಲೇ ನಡೆದಿಲ್ವಾ? ಏನಾಗಿದೆ?"

ಮೇಷ್ಟ್ರು ಇದಕ್ಕೇ ಕಾಯುತ್ತಿದ್ದರು. ಮೊದಲ ಕಟಿಂಗ್ ಹೊರಗೆ ಬಂತು. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕ: 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅವರಲ್ಲಿ 32 ಸಾವಿರಕ್ಕೂ ಜಾಸ್ತಿ ಜನ ನಡೆದು ಹೋಗುತ್ತಿದ್ದವರು. "ಅಂದರೆ ಹತ್ತಿರ ಹತ್ತಿರ ಐದರಲ್ಲಿ ಒಬ್ಬ. ಕಾರೂ ಇಲ್ಲ, ಬೈಕೂ ಇಲ್ಲ, ಸುಮ್ನೆ ನಡೀತಿದ್ದವನು" ಅಂದರು.

"ನನ್ನ ಮನೆ ಮುಂದಿನ ಜಾಗ ನಂದಲ್ವಾ ಮೇಷ್ಟ್ರೇ?"

ಎರಡನೇ ಕಟಿಂಗ್. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶ. ಪಾದಚಾರಿಗಳು ಫುಟ್‌ಪಾತ್ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ, ಅಂಗವಿಕಲರೂ ಬಳಸುವಂತಿರಬೇಕು, ಒತ್ತುವರಿ ತೆಗೆಸಬೇಕು. ಮೇಷ್ಟ್ರು ಅದನ್ನು ಪೂರ್ತಿ ಓದಿದರು. ಅಂಕಲ್ ಕರಿಬೇವಿನ ಗಿಡ ನೋಡುತ್ತಾ ನಿಂತರು.

ನಿಜವಾದ ಜಗಳ ಆಮೇಲೆ ಶುರುವಾಯಿತು. ಎಂಜಿನಿಯರ್ ಬಾನೆಟ್ ಮೇಲೆ ಹಾಳೆ ಇಟ್ಟು ಲೆಕ್ಕ ಬರೆದರು. ಕಾಂಪೌಂಡಿನಿಂದ ಕಾಂಪೌಂಡಿಗೆ 40 ಅಡಿ. ಎರಡೂ ಬದಿಗೆ ಆರಾರು ಅಡಿ ಫುಟ್‌ಪಾತ್ ಕೊಟ್ಟರೆ ಉಳಿಯುವುದು 28. ಎದುರುಬದುರು ಗಾಡಿ ಹೋಗಲು ಹತ್ತತ್ತು ಅಡಿ, ಒಟ್ಟು 20. ಇನ್ನು 8 ಅಡಿ. ಅದು ಒಂದು ಸಾಲು ಕಾರು ನಿಲ್ಲಿಸಲು ಸಾಕು. ಎರಡು ಸಾಲಿಗೆ ಸಾಲದು.

"ಒಂದೇ ಸೈಡ್ ಪಾರ್ಕಿಂಗಾ? ಯಾವ ಸೈಡು?"

ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು. ಒಂದು ದಿನ ಈ ಕಡೆ, ಮಾರನೇ ದಿನ ಆ ಕಡೆ ಇಡೋಣ ಅಂತ ಒಬ್ಬರು. ಒನ್ ವೇ ಮಾಡಿಸಿ ಅಂತ ಇನ್ನೊಬ್ಬರು. ಫುಟ್‌ಪಾತ್ ಮೂರಡಿ ಮಾಡಿದರೆ ಸಾಲದಾ ಅಂತ ಮಗದೊಬ್ಬರು. ಅರ್ಜಿಗೆ ಮೊದಲ ಸಹಿ ಹಾಕಿದ್ದು ಅವರೇ! ನಾನು ಬಾಯಿ ಹಾಕಿದಾಗ, "ನೀವು ಬಾಡಿಗೆಗೆ ಇರೋರು ಮೇಡಂ, ಇರೋದೊಂದು ಸ್ಕೂಟಿ. ನಿಮಗೆ ಗೊತ್ತಾಗಲ್ಲ" ಅಂದರು. ಸ್ಕೂಟಿ ಒಂದೇ ಅನ್ನುವುದು ನಿಜ. ಆದರೆ ಮಗಳನ್ನು ಸ್ಕೂಲ್ ಬಸ್ಸಿಗೆ ಬಿಡಲು ಆ ನಡುರಸ್ತೆಯಲ್ಲಿ ದಿನಾ ನಡೆಯುವವಳು ನಾನೇ. ರ‍್ಯಾಂಪ್ ಹಾಕಿಸಿಕೊಂಡವರಿಗೆ ಬೀದಿಯ ಮೇಲೆ ಇರುವ ಹಕ್ಕು ನಡೆಯುವವರಿಗೆ ಇಲ್ಲ ಅಂದರೆ ನಾನು ಒಪ್ಪುವುದಿಲ್ಲ. ಅಲ್ಲೇ ಹೇಳಿದೆ. ಮಾಲೀಕರಿಗೆ ಹಿಡಿಸಲಿಲ್ಲ.

ಗದ್ದಲದಲ್ಲಿ ಯಾರೋ ಟೆಂಡರ್ ಶ್ಯೂರ್ ಅನ್ನುವ ರಸ್ತೆ ಯೋಜನೆಯ ಮಾತು ಎತ್ತಿದರು. ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆ ಕಡೆ ಕೇಬಲ್ಲು, ಪೈಪುಗಳನ್ನೆಲ್ಲ ನೆಲದಡಿಗೆ ಹಾಕಿ, ಮೇಲೆ ಅಗಲವಾದ ಫುಟ್‌ಪಾತ್ ಮಾಡಿದ್ದಾರಲ್ಲ, ಹಾಗೆ ಮಾಡಿಕೊಡಿ ಅಂತ. ಅಷ್ಟೆಲ್ಲ ನಮಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಒರಟು ಕಾಂಕ್ರೀಟ್ ಸಾಕು. ಅಲ್ಲಾಡದ ಚಪ್ಪಡಿ ಸಾಕು. ಒಂದೇ ಮಟ್ಟದಲ್ಲಿರಬೇಕು, ನಡುವೆ ಎಲ್ಲೂ ತುಂಡಾಗಬಾರದು. ಹನ್ನೆರಡು ಮನೆಗಳಲ್ಲಿ ಹನ್ನೊಂದು ಸರಿ ಮಾಡಿ ಒಂದನ್ನು ಬಿಟ್ಟರೂ, ಆ ಒಂದರ ಹತ್ತಿರ ಮಗು ರಸ್ತೆಗೆ ಇಳಿಯಲೇಬೇಕಲ್ವಾ? ಟ್ಯಾಂಕರಿಗೆ ಅಷ್ಟು ಸಾಕು.

ಮಧ್ಯಾಹ್ನ ಒಂದರ ಹೊತ್ತಿಗೆ ಬಿಸಿಲೇರಿ ಗಂಟಲುಗಳು ಇಳಿದವು. ಬಸ್ ನಿಲ್ಲುವ ಮೂಲೆಯಿಂದ ಹೊಂಗೆ ಮರದವರೆಗೆ ಮೊದಲು ಕೆಲಸ ಮಾಡುವುದು, ಎತ್ತರ ಆರು ಇಂಚಿಗೆ ಇಳಿಸುವುದು, ರ‍್ಯಾಂಪುಗಳನ್ನು ಗೇಟಿನವರೆಗೆ ಕತ್ತರಿಸುವುದು, ಗಾಡಿಯನ್ನು ಮುಟ್ಟದಿರುವುದು, ಇಷ್ಟಕ್ಕೆ ಒಪ್ಪಿಗೆಯಾಯಿತು. ಎಂಜಿನಿಯರ್ ಎಸ್ಟಿಮೇಟ್ ಮಾಡಿ ಮೇಲಕ್ಕೆ ಕಳಿಸುತ್ತೇನೆ ಅಂದರು. ಒಡೆದ ಚಪ್ಪಡಿಯನ್ನು ಮಾತ್ರ ಎರಡೇ ದಿನದಲ್ಲಿ ಬದಲಿಸಿದರು. ಒಣಕೊಂಬೆ ಈಗ ಎಂ-ಸ್ಯಾಂಡ್ ರಾಶಿಯ ಮೇಲಿದೆ.

ಎಸ್ಟಿಮೇಟ್ ಇನ್ನೂ ವಾಪಸ್ ಬಂದಿಲ್ಲ. ಮೂಲೆಮನೆ ಅಂಕಲ್ ರ‍್ಯಾಂಪ್ ಕತ್ತರಿಸಲು ಗಾರೆಯವನನ್ನು ಕರೆಸಿ ರೇಟು ಕೇಳಿದ್ದಾರೆ. ಎದುರುಮನೆಯವರದ್ದೂ ಅಷ್ಟೇ ಕತ್ತರಿಸಿದರೆ ಮಾತ್ರ ಅನ್ನುವ ಷರತ್ತು ಬೇರೆ. ಹಾಗಾಗಿ ಬರುವ ಭಾನುವಾರ ಎದುರು ಸಾಲನ್ನು ನಾವೇ ಅಳೆಯುವುದು ಅಂತಾಗಿದೆ. ಈ ಸಲ ಇಸ್ತ್ರಿ ಅಕ್ಕನಿಗೂ ಹೇಳಿದ್ದೇನೆ. "ಹತ್ತಕ್ಕೆ ಬೇಡಿ, ಹನ್ನೊಂದಕ್ಕೆ ಇಟ್ಕೊಳಿ. ಭಾನುವಾರ ಬೆಳಗ್ಗೆ ಬಟ್ಟೆ ಜಾಸ್ತಿ" ಅಂದರು. ಗ್ರೂಪಿನಲ್ಲಿ ಹನ್ನೊಂದು ಗಂಟೆ ಅಂತ ಹಾಕಿದ್ದೇನೆ.