ಹಲ್ಲಿನ ಬೇರಿನ ಸುತ್ತ

ಮಗಳ ಹಲ್ಲಿಗೆ ಕ್ಲಿಪ್ ಹಾಕಿಸಿದ್ದೇವೆ. "ಅಪ್ಪಾ, ಇಷ್ಟು ಗಟ್ಟಿ ಮೂಳೆಯೊಳಗೆ ಹಲ್ಲು ಹೇಗೆ ಸರಿಯುತ್ತೆ?" ಅಂತ ಕೇಳಿದಳು. ಒಳ್ಳೆಯ ಪ್ರಶ್ನೆ ಅಲ್ವಾ?

ಹಲ್ಲು ಮೂಳೆಗೆ ನೇರವಾಗಿ ಅಂಟಿಕೊಂಡಿಲ್ಲ. ನಡುವೆ ಸುಮಾರು 0.2 ಮಿಲಿಮೀಟರ್ ಸಂದಿಯಿದೆ. ಅಷ್ಟು ಜಾಗದಲ್ಲಿ ಕೊಲಾಜೆನ್ ಎಂಬ ಪ್ರೊಟೀನಿನ ನಾರುಗಳು ಹಲ್ಲನ್ನು ಉಯ್ಯಾಲೆಯ ಹಗ್ಗದಂತೆ ಹಿಡಿದುಕೊಂಡಿವೆ. ಹಳೆಯ ನಾರು ಕರಗಿಸಿ ಹೊಸದನ್ನು ಕಟ್ಟುವುದು ಫೈಬ್ರೊಬ್ಲಾಸ್ಟ್ ಎಂಬ ಜೀವಕೋಶಗಳ ಕೆಲಸ. ವಿಟಮಿನ್ ಸಿ ತೀರಾ ಕಡಿಮೆಯಾದರೆ ಹೊಸ ಕೊಲಾಜೆನ್ ಗಟ್ಟಿಯಾಗುವುದಿಲ್ಲ. ಸ್ಕರ್ವಿ ಎಂಬ ಆ ಕೊರತೆಯ ರೋಗ ಬಂದವರ ಹಲ್ಲು ಅಲ್ಲಾಡುವುದು ಇದಕ್ಕೇ.

ನನಗೆ ಜಾಸ್ತಿ ಹಿಡಿಸಿದ್ದು ಆ ಕೋಶ ನೆಲೆ ನಿಲ್ಲುವ ರೀತಿ. ಅದರ ಮೈಮೇಲೆ ಇಂಟೆಗ್ರಿನ್ ಎಂಬ ಪ್ರೊಟೀನುಗಳಿವೆ. ಕೋಶದ ಹೊರಗಿರುವ ಫೈಬ್ರೊನೆಕ್ಟಿನ್ ಎಂಬ ಇನ್ನೊಂದು ಪ್ರೊಟೀನಿನಲ್ಲಿ ಆರ್ಜಿನೈನ್, ಗ್ಲೈಸಿನ್, ಆಸ್ಪಾರ್ಟಿಕ್ ಆಮ್ಲ ಸಾಲಾಗಿ ಬರುವ ಪುಟ್ಟ ಜಾಗವನ್ನು ಅವು ಹುಡುಕಿ ಹಿಡಿಯುತ್ತವೆ. ಬರೀ ಮೂರು ಅಮೈನೊ ಆಮ್ಲ, ಅಂದರೆ ಪ್ರೊಟೀನಿನ ಮೂರೇ ಇಟ್ಟಿಗೆ! ಹಿಡಿತ ಸಿಕ್ಕರೆ ಕೋಶ ಮೈಚಾಚಿ ಹರಡುತ್ತದೆ. ಸಿಗದಿದ್ದರೆ ಉಂಡೆಯಾಗಿಯೇ ಉಳಿದು ಕೊನೆಗೆ ಸಾಯುತ್ತದೆ. ಕ್ಲಿಪ್ಪಿನ ಎಳೆತ ಕೋಶಕ್ಕೆ ಗೊತ್ತಾಗುವುದೂ ಈ ಹಿಡಿತದಿಂದಲೇ. ಆಮೇಲೆ ಒತ್ತಡ ಬಿದ್ದ ಕಡೆ ಮೂಳೆ ಕರಗುತ್ತದೆ, ಎಳೆತದ ಕಡೆ ಹೊಸದು ಬೆಳೆಯುತ್ತದೆ.

ಇನ್ನೊಂದು ಮಾತು, ದಯವಿಟ್ಟು ನೆನಪಿಡಿ. ಬಿದ್ದು ಶಾಶ್ವತ ಹಲ್ಲೇ ಕಿತ್ತುಬಂದರೆ ಬೇರನ್ನು ಉಜ್ಜಬೇಡಿ, ಅಲ್ಲಿ ಈ ಕೋಶಗಳು ಇನ್ನೂ ಬದುಕಿರುತ್ತವೆ. ಬಿಳಿ ಭಾಗ ಹಿಡಿದು, ಹಾಲಿನಲ್ಲಿ ಹಾಕಿಕೊಂಡು, ಕೂಡಲೇ ಹಲ್ಲಿನ ಡಾಕ್ಟರ ಹತ್ತಿರ ಹೋಗಿ.