ಬೆರಳ ಮೇಲೆ ಬೆರಳು ಹತ್ತಿದರೆ

ಕಾಲಿನ ಕಿರುಬೆರಳು ಪಕ್ಕದ ಬೆರಳ ಮೇಲೆ ಹತ್ತಿ ಕೂರುವುದು ನಮ್ಮ ತಾಯಿ ಕಡೆಯ ಬಳುವಳಿ. ಅಜ್ಜಿಗೆ ಇತ್ತು, ಸೋದರಮಾವನಿಗೆ ಇದೆ, ನನ್ನ ಎಡಗಾಲಲ್ಲೂ ಇದೆ. ಹಾಗಾಗಿ ಅಕ್ಕನ ಮಗಳು ಬಾಣಂತಿ ಕೋಣೆಯಿಂದ ಫೋಟೋ ಕಳಿಸಿ, "ಚಿಕ್ಕಮ್ಮ, ಪಾಪು ಕಿರುಬೆರಳು ನೋಡಿ, ಮುರಿದಿದೆಯೇನೋ ಅಂತ ಭಯ ಆಗ್ತಿದೆ" ಅಂದಾಗ ನನಗೆ ನಗು ಬಂತು. ಆದರೆ ಮುಂದಿನ ಮೆಸೇಜು ಓದಿದ ಮೇಲೆ ನಗು ನಿಂತಿತು. ಮಗು ನೋಡಲು ಬಂದಿದ್ದ ಯಾರೋ ಹಿರಿಯರು "ದಾರ ಸುತ್ತಿ ಕೆಳಕ್ಕೆ ಎಳೆದು ಕಟ್ಟಮ್ಮ, ತಾನೇ ನೆಟ್ಟಗಾಗುತ್ತೆ" ಅಂದಿದ್ದರಂತೆ.

ದಯವಿಟ್ಟು ಕಟ್ಟಬೇಡಿ. ಎಳೆಗೂಸಿನ ಬೆರಳಿಗೆ ದಾರವಿರಲಿ, ಅಮ್ಮನ ಉದುರಿದ ಕೂದಲೇ ಬಿಗಿಯಾಗಿ ಸುತ್ತಿಕೊಂಡರೂ ರಕ್ತ ಓಡಾಟ ನಿಂತು ಬೆರಳಿಗೇ ಕುತ್ತು ಬರಬಹುದು. ಕಾಲುಚೀಲ ಹಾಕಿದ ಮಗು ಸುಮ್ನೆ ಸುಮ್ನೆ ಅಳುತ್ತಿದ್ದರೆ ಅದನ್ನು ಬಿಚ್ಚಿ ಬೆರಳು ನೋಡಿ ಅಂತ ಮಕ್ಕಳ ಡಾಕ್ಟರುಗಳು ಹೇಳುವುದು ಇದಕ್ಕೇ.

ಹುಟ್ಟಿನಿಂದಲೇ ಕಿರುಬೆರಳು ಮೇಲೇರಿದ್ದರೆ ಅಲ್ಲಿ ಏನೂ ಮುರಿದಿರುವುದಿಲ್ಲ. ಆ ಬೆರಳಿನ ಮೇಲ್ಭಾಗದ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಹಗ್ಗದಂಥ ಎಳೆ) ಮತ್ತು ಚರ್ಮ ಸ್ವಲ್ಪ ಗಿಡ್ಡ, ಅದಕ್ಕೇ ಬೆರಳು ಮೇಲಕ್ಕೂ ಒಳಕ್ಕೂ ಎಳೆದುಕೊಂಡಿರುತ್ತದೆ. ಎಷ್ಟೋ ಸಲ ಎರಡೂ ಕಾಲಲ್ಲಿ ಇರುತ್ತದೆ. ಮಗುವಿಗೆ ನೋವಿಲ್ಲ, ನಡೆಯುವುದೂ ತಡವಾಗುವುದಿಲ್ಲ. ಇದರದ್ದೇ ಇನ್ನೊಂದು ಬಗೆ ಇದೆ, ಮೂರನೆಯದೋ ನಾಲ್ಕನೆಯದೋ ಬೆರಳು ಪಕ್ಕದ ಬೆರಳಿನ ಅಡಿಗೆ ಮುದುಡಿಕೊಂಡಿರುವುದು. ಅದು ಮಗು ಬೆಳೆಯುತ್ತಾ ಬಹಳ ಸಲ ತಾನಾಗೇ ನೆಟ್ಟಗಾಗುತ್ತದೆ, ಕಾದು ನೋಡಿದರೆ ಸಾಕು. ಮೇಲೇರಿದ ಕಿರುಬೆರಳು ಹಾಗೆ ತಾನಾಗೇ ಇಳಿಯುವುದು ಕಡಿಮೆ. ಲಸಿಕೆಗೆ ಹೋದಾಗ ಡಾಕ್ಟರಿಗೆ ಒಮ್ಮೆ ತೋರಿಸಿ. ಮೆತ್ತಗೆ ಎಳೆದು ಸಡಿಲ ಮಾಡುವುದನ್ನೋ, ಟೇಪ್ ಹಚ್ಚುವುದನ್ನೋ ಅವರು ಹೇಳಿಕೊಟ್ಟರೆ ಅವರು ತೋರಿಸಿದ ಹಾಗೇ ಮಾಡಿ. ಖಂಡಿತ ಸರಿಹೋಗುತ್ತದೆ ಎಂದು ಯಾರಾದರೂ ಮಾತು ಕೊಟ್ಟರೆ ಮಾತ್ರ ನಂಬಬೇಡಿ. ಬೆರಳಲ್ಲ, ಇಡೀ ಪಾದವೇ ಒಳಕ್ಕೆ ತಿರುಚಿಕೊಂಡಿದ್ದರೆ ಅದು ಕ್ಲಬ್‌ಫುಟ್, ಪೂರ್ತಿ ಬೇರೆ ವಿಷಯ. ಅದಕ್ಕೆ ಹುಟ್ಟಿದ ಮೊದಲ ವಾರಗಳಲ್ಲೇ ಹೋಗಬೇಕು, ವಾರವಾರ ಪ್ಲಾಸ್ಟರ್ ಬದಲಿಸುತ್ತಾ ಪಾದವನ್ನು ಸರಿಗೆ ತರುತ್ತಾರೆ.

ಕಿರುಬೆರಳಿನ ತಕರಾರು ಶುರುವಾಗುವುದು ಸಾಮಾನ್ಯವಾಗಿ ಜೂನ್ ತಿಂಗಳಲ್ಲಿ, ಸ್ಕೂಲ್ ಶೂ ಜೊತೆ. ಮನೆಯಲ್ಲಿ ಬರಿಗಾಲು, ಬೀದಿಯಲ್ಲಿ ಚಪ್ಪಲಿ ಅಂತ ಓಡಾಡುವವರೆಗೆ ಆ ಬೆರಳು ಇದೆ ಅಂತಲೇ ನೆನಪಾಗುವುದಿಲ್ಲ. ಕಪ್ಪು ಶೂ ಒಳಗೆ ದಿನಪೂರ್ತಿ ಕೂತಾಗ ಅದರ ಬೆನ್ನು ಶೂಗೆ ಉಜ್ಜಿ ಉಜ್ಜಿ ಕೆಂಪಾಗುತ್ತದೆ, ಗುಳ್ಳೆ ಏಳುತ್ತದೆ, ಆಮೇಲೆ ಆಣಿಯಾಗುತ್ತದೆ. ಮಗು ಶೂ ಬೇಡ ಅಂತ ಹಟ ಮಾಡಿದರೆ ಬೈಯುವ ಮೊದಲು ಕಾಲು ನೋಡಿ. ಒಂದು ಸೈಜು ದೊಡ್ಡದು ತಂದರೆ ಆಯ್ತು ಅಂತ ನಾವೆಲ್ಲ ಮಾಡುತ್ತೇವೆ ಅಲ್ವಾ, ಅದರಿಂದ ಶೂ ಉದ್ದ ಆಗುತ್ತದೆ, ಬೆರಳಿಗೆ ಬೇಕಾದದ್ದು ಅಗಲ ಮತ್ತು ಎತ್ತರ. ಅಂಗಡಿಗೆ ಸಂಜೆ ಹೋಗಿ, ಆ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ. ಮನೆಯಲ್ಲೇ ಮಗುವನ್ನು ಕಾಗದದ ಮೇಲೆ ನಿಲ್ಲಿಸಿ ಪಾದದ ಸುತ್ತ ಪೆನ್ಸಿಲ್ಲಿನಲ್ಲಿ ಗೆರೆ ಎಳೆದುಕೊಂಡು ಹೋಗಿ, ಶೂ ಅದರ ಮೇಲಿಟ್ಟು ನೋಡಿ. ಗೆರೆ ಶೂನಿಂದ ಹೊರಗೆ ಕಂಡರೆ ಆ ಶೂ ಬೇಡ. ದೊಡ್ಡವರಿಗೂ ಇದೇ ಲೆಕ್ಕ, ಅದರಲ್ಲೂ ಮೂತಿ ಚೂಪಾದ ಆಫೀಸು ಶೂ ಹಾಕುವವರಿಗೆ.

ಇಷ್ಟು ಹುಟ್ಟಿನಿಂದ ಬಂದ ಬೆರಳಿನ ಕಥೆ. ಇಷ್ಟು ವರ್ಷ ನೆಟ್ಟಗಿದ್ದ ಬೆರಳು ಈಗ ಪಕ್ಕದ ಬೆರಳ ಮೇಲೆ ಹತ್ತಲು ಶುರು ಮಾಡಿದರೆ ಅದರ ಹಿಂದೆ ಏನೋ ಕಾರಣ ಇದೆ. ಅದನ್ನು ಹುಡುಕಬೇಕು. "ವಯಸ್ಸಾಯ್ತು, ಬಿಡು" ಅನ್ನುವ ಮಾತು ನಮ್ಮ ಮನೆಗಳಲ್ಲಿ ಬಹಳ ಬೇಗ ಬರುತ್ತದೆ.

ಹೆಚ್ಚಾಗಿ ಹೀಗಾಗುವುದು ಎರಡನೇ ಬೆರಳಿಗೆ. ಒಂದು ಕಾರಣ ಕಣ್ಣಿಗೆ ಕಾಣುತ್ತದೆ. ಹೆಬ್ಬೆರಳಿನ ಬುಡದಲ್ಲಿ ಒಳಬದಿಗೆ ಗಂಟು ಎದ್ದು, ಹೆಬ್ಬೆರಳು ಉಳಿದ ಬೆರಳುಗಳ ಕಡೆಗೆ ವಾಲುತ್ತಾ ಬರುತ್ತದೆ. ಡಾಕ್ಟರುಗಳು ಬನಿಯನ್ ಎನ್ನುತ್ತಾರೆ. ಜಾಗ ಕಳಕೊಂಡ ಎರಡನೇ ಬೆರಳು ಹೆಬ್ಬೆರಳ ಮೇಲೆ ಹತ್ತುತ್ತದೆ. ಇದೂ ಮನೆತನದಲ್ಲಿ ಬರುವಂಥದ್ದು, ಇಕ್ಕಟ್ಟಾದ ಶೂ ಅದನ್ನು ಇನ್ನಷ್ಟು ಕೆಡಿಸುತ್ತದೆ.

ಇನ್ನೊಂದು ಕಾರಣ ಕಾಣುವುದಿಲ್ಲ. ಎರಡನೇ ಬೆರಳಿನ ಬುಡದ ಕೀಲಿನ ಅಡಿಯಲ್ಲಿ ಒಂದು ದಪ್ಪ ಪಟ್ಟಿ ಇದೆ, ಬೆರಳನ್ನು ನೆಲಕ್ಕೆ ಹಿಡಿದಿಡುವುದು ಅದೇ. ಅದು ವರ್ಷಗಟ್ಟಲೆ ಭಾರ ಹೊತ್ತು ಸಡಿಲವಾಗುತ್ತದೆ ಅಥವಾ ಹರಿಯುತ್ತದೆ. ಮೊದಲು ಬೆರಳು ಹತ್ತುವುದಿಲ್ಲ, ಮೊದಲು ಬರುವುದು ನೋವು. ಅಂಗಾಲಿನ ಮುಂಭಾಗದಲ್ಲಿ, ಎರಡನೇ ಬೆರಳಿನ ಬುಡಕ್ಕೆ ಸರಿಯಾಗಿ, ಚಪ್ಪಲಿಯೊಳಗೆ ಸಣ್ಣ ಕಲ್ಲು ಸಿಕ್ಕಿದ ಹಾಗೆ. ಬರಿಗಾಲಲ್ಲಿ ಗಟ್ಟಿ ನೆಲದ ಮೇಲೆ ನಡೆದರೆ ಜಾಸ್ತಿ. ಅಲ್ಲೇ ಸ್ವಲ್ಪ ಊತ. ಆಮೇಲೆ ಎರಡನೇ ಮತ್ತು ಮೂರನೇ ಬೆರಳ ನಡುವೆ ಮೊದಲಿಲ್ಲದ ಸಂದು ಕಾಣುತ್ತದೆ, ಬೆರಳು ನಿಧಾನವಾಗಿ ಹೆಬ್ಬೆರಳ ಕಡೆಗೆ ಸರಿಯುತ್ತದೆ, ಕೊನೆಗೆ ಹತ್ತಿ ಕೂರುತ್ತದೆ. ಡಾಕ್ಟರ ಹತ್ತಿರ ಹೋಗಬೇಕಾದ ಹೊತ್ತು ಈ ಕಲ್ಲು ಸಿಕ್ಕಿದಂಥ ನೋವಿನ ಹೊತ್ತು. ಆಗ ಟೇಪ್ ಹಚ್ಚಿ ಬೆರಳನ್ನು ಕೆಳಗೆ ಹಿಡಿದಿಡುವುದು, ಅಡಿ ಗಟ್ಟಿಯಿರುವ ಶೂ, ಸ್ವಲ್ಪ ದಿನ ಓಟ ಜಿಗಿತ ಬಿಡುವುದು, ಇಷ್ಟರಲ್ಲೇ ಎಷ್ಟೋ ಜನರಿಗೆ ನೋವು ತಗ್ಗುತ್ತದೆ. ಬೆರಳು ಪೂರ್ತಿ ಹತ್ತಿದ ಮೇಲೆ ಅದನ್ನು ಮತ್ತೆ ಜಾಗಕ್ಕೆ ತರಬೇಕಾದರೆ ಆಪರೇಷನ್ನೇ ಗತಿ.

ಎರಡನೇ ಬೆರಳು ಹೆಬ್ಬೆರಳಿಗಿಂತ ಉದ್ದ ಇದ್ದರೆ ಹೆಂಡತಿ ಗಂಡನನ್ನು ಆಳುತ್ತಾಳೆ ಅಂತ ಹೆಣ್ಣು ನೋಡಲು ಬಂದವರು ಕಾಲು ನೋಡುತ್ತಿದ್ದ ಕಾಲವೊಂದಿತ್ತು. ಆಳುವುದು ಬಿಡುವುದು ಹಾಗಿರಲಿ, ಆ ಬೆರಳಿನ ಹಿಂದಿನ ಮೂಳೆ ಉದ್ದ ಇದ್ದವರಿಗೆ ನಡೆಯುವಾಗ ಅಲ್ಲಿ ಭಾರ ಜಾಸ್ತಿ ಬೀಳುತ್ತದೆ ಅನ್ನುವುದು ನಿಜ.

ಅದೇ ಬೆರಳಿಗೆ ನಾವು ಕಾಲುಂಗುರ ಹಾಕುತ್ತೇವೆ. ಬೆರಳು ವಾಲಿ ಗೆಣ್ಣು ದಪ್ಪವಾದ ಮೇಲೆ ಉಂಗುರ ಹೊರಗೆ ಬರುವುದಿಲ್ಲ, ಪಕ್ಕದ ಬೆರಳ ಚರ್ಮಕ್ಕೆ ದಿನವಿಡೀ ಒತ್ತುತ್ತದೆ. "ಮದುವೆಯಲ್ಲಿ ಹಾಕಿದ್ದು, ತೆಗೆಯಲ್ಲ" ಅನ್ನುವ ಅತ್ತೆಯಂದಿರ ಜೊತೆ ವಾದಕ್ಕೆ ಇಳಿಯಬೇಡಿ. ಬಾಯಿ ತೆರೆದಿರುವ, ಅಗಲ ಮಾಡಬಹುದಾದ ಕಾಲುಂಗುರ ತಂದುಕೊಡಿ. ಬೆರಳು ಊದಿಕೊಂಡು ಉಂಗುರ ಹೂತುಹೋಗುತ್ತಿದ್ದರೆ ಮಾತ್ರ ಅಕ್ಕಸಾಲಿಗರ ಹತ್ತಿರವೋ ಆಸ್ಪತ್ರೆಯಲ್ಲೋ ಅವತ್ತೇ ಕತ್ತರಿಸಿ ತೆಗೆಸಿ.

ಎರಡೂ ಕಾಲಿನ ಬೆರಳುಗಳು ಒಟ್ಟಿಗೆ ವಾಲುತ್ತಿದ್ದು, ಬೆಳಿಗ್ಗೆ ಎದ್ದಾಗ ಕೈಬೆರಳೂ ಬಿಗಿದುಕೊಂಡಿದ್ದರೆ ಅದು ಪಾದದ ಮಾತಲ್ಲ, ರುಮಟಾಯ್ಡ್ ಸಂಧಿವಾತ ಇರಬಹುದು. ರಕ್ತ ಪರೀಕ್ಷೆ ಮಾಡಿಸಿ.

ಈಗ ಸಕ್ಕರೆ ಕಾಯಿಲೆ. 2023ರಲ್ಲಿ ಬಂದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಇದೆ. ಸಕ್ಕರೆ ಹಳೆಯದಾದಾಗ ಪಾದದ ನರ ಮಂದವಾಗುತ್ತದೆ. ಬೆರಳ ಮೇಲೆ ಬೆರಳು ಇರುವವರಿಗೆ ಉಜ್ಜಿದ ಜಾಗದಲ್ಲಿ ನೋವಾಗಬೇಕು ತಾನೇ, ಇವರಿಗೆ ಆಗುವುದಿಲ್ಲ. ಗುಳ್ಳೆ ಒಡೆದು ಹುಣ್ಣಾಗಿ ಕಾಲುಚೀಲಕ್ಕೆ ಕಲೆ ಹತ್ತಿದ ಮೇಲೆ ಗೊತ್ತಾಗುತ್ತದೆ. ಹಾಗಾಗಿ ಸಕ್ಕರೆ ಇರುವವರ ಬೆರಳು ಹತ್ತಿದ್ದರೆ ನೋವು ಇದೆಯೋ ಇಲ್ಲವೋ ಅಂತ ಕೇಳುವುದರಲ್ಲಿ ಅರ್ಥವೇ ಇಲ್ಲ, ಒಮ್ಮೆ ತೋರಿಸಲೇಬೇಕು. ತೆಳ್ಳನೆ ನೈಲಾನ್ ಎಳೆಯಿಂದ ಅಂಗಾಲು ಮುಟ್ಟಿ ನರ ಎಷ್ಟು ಚುರುಕಾಗಿದೆ ಅಂತ ನೋಡುತ್ತಾರೆ, ಎರಡು ನಿಮಿಷದ ಕೆಲಸ. ಮನೆಯಲ್ಲಿ ರಾತ್ರಿ ಮಲಗುವ ಮೊದಲು ಬೆರಳ ಸಂದು ಬಿಡಿಸಿ ನೋಡುವುದು, ಸ್ನಾನದ ನಂತರ ಸಂದಿಯನ್ನು ಒಣಗಿಸುವುದು ಅಭ್ಯಾಸ ಮಾಡಿಕೊಳ್ಳಿ. ಬಗ್ಗಲು ಆಗದ ಅಮ್ಮಂದಿರಿಗೆ ಮಕ್ಕಳು ನೋಡಲಿ. ಬ್ಲೇಡಿನಿಂದ ಆಣಿ ಕೊಯ್ಯುವುದು, ಮೆಡಿಕಲ್ ಶಾಪಿನ ಕಾರ್ನ್ ಪ್ಲಾಸ್ಟರ್ ಅಂಟಿಸುವುದು ಇವರಿಗೆ ಬೇಡವೇ ಬೇಡ, ಆ ಪ್ಲಾಸ್ಟರಿನಲ್ಲಿರುವ ಆಸಿಡ್ ಚೆನ್ನಾಗಿರುವ ಚರ್ಮವನ್ನೂ ಸುಡುತ್ತದೆ. ಶಿವರಾತ್ರಿಗೆ ಧರ್ಮಸ್ಥಳಕ್ಕೋ ಯುಗಾದಿಗೆ ಶ್ರೀಶೈಲಕ್ಕೋ ಪಾದಯಾತ್ರೆ ಹೊರಡುವವರು ಹರಕೆ ಬರಿಗಾಲಿನದ್ದಾಗಿದ್ದರೆ ಮೊದಲೇ ಡಾಕ್ಟರನ್ನು ಕೇಳಿ ಹೋಗಿ.

ಹುಣ್ಣು, ಕೀವು, ಬೆರಳು ನೀಲಿ ಅಥವಾ ಕಪ್ಪಗಾಗುವುದು, ಜ್ವರ, ಕೆಂಪು ಮೇಲಕ್ಕೆ ಹರಡುವುದು, ಸಕ್ಕರೆ ಇರುವವರ ಪಾದ ಇದ್ದಕ್ಕಿದ್ದಂತೆ ಬಿಸಿಯಾಗಿ ಊದುವುದು. ಇವಕ್ಕೆ ನಾಳೆ ಅನ್ನಬೇಡಿ, ಅವತ್ತೇ ಹೋಗಿ.

ಉಳಿದವರಿಗೆ ಒಂದು ಸುಲಭದ ಪರೀಕ್ಷೆ ಇದೆ. ಹತ್ತಿದ ಬೆರಳನ್ನು ಕೈಯಿಂದ ಮೆತ್ತಗೆ ಅದರ ಜಾಗಕ್ಕೆ ತನ್ನಿ. ಸಲೀಸಾಗಿ ಬಂದರೆ ಅಗಲದ ಪಾದರಕ್ಷೆ, ಬೆರಳ ನಡುವೆ ಇಡುವ ಮೆತ್ತನೆಯ ಸಿಲಿಕೋನ್ ತುಂಡು, ವ್ಯಾಯಾಮ ಇಷ್ಟರಲ್ಲಿ ಬಹಳ ದಿನ ಸಾಗಿಸಬಹುದು. ಅಲುಗದಷ್ಟು ಗಟ್ಟಿಯಾಗಿ ಕೂತಿದ್ದರೆ, ಇಲ್ಲವೇ ತಿಂಗಳಿಂದ ತಿಂಗಳಿಗೆ ಜಾಸ್ತಿಯಾಗುತ್ತಿದ್ದರೆ ತಡ ಮಾಡಬೇಡಿ. ರಾತ್ರಿ ಕಟ್ಟಿಕೊಂಡು ಮಲಗಿದರೆ ಬನಿಯನ್ ಮಾಯ ಅಂತ ಆನ್‌ಲೈನಿನಲ್ಲಿ ಮಾರುವ ಪಟ್ಟಿಗಳಿವೆಯಲ್ಲ, ಅವು ಕಟ್ಟಿಕೊಂಡಿರುವಷ್ಟು ಹೊತ್ತು ಹಿತ ಕೊಡಬಹುದು, ವಾಲಿದ ಮೂಳೆಯನ್ನು ನೆಟ್ಟಗೆ ಮಾಡುವುದಿಲ್ಲ.

ಪಾದಕ್ಕೇ ಅಂತ ಪ್ರತ್ಯೇಕ ವೈದ್ಯರು ನಮ್ಮಲ್ಲಿ ಕಡಿಮೆ. ತಾಲ್ಲೂಕು, ಜಿಲ್ಲಾ ಆಸ್ಪತ್ರೆಯ ಮೂಳೆ ಡಾಕ್ಟರೇ ಮೊದಲ ಮೆಟ್ಟಿಲು. ಸಕ್ಕರೆ ಇರುವವರಿಗೆ ಬೆಂಗಳೂರಿನಲ್ಲಿ ಸರ್ಕಾರದ್ದೇ ಆದ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್‌ನಲ್ಲಿ ಪಾದ ಚಿಕಿತ್ಸೆಯ ವಿಭಾಗವಿದೆ. ಎಕ್ಸ್‌ರೇ ಬರೆದರೆ ನಿಂತುಕೊಂಡು ತೆಗೆಸಬೇಕೇ ಅಂತ ಕೇಳಿ, ಮಲಗಿ ತೆಗೆದದ್ದರಲ್ಲಿ ಭಾರ ಬಿದ್ದಾಗ ಬೆರಳು ಎಷ್ಟು ಸರಿಯುತ್ತದೆ ಅನ್ನುವುದು ಸರಿಯಾಗಿ ಕಾಣುವುದಿಲ್ಲ. ಆಪರೇಷನ್ ಅಂದರೆ ರಜ್ಜು ಸಡಿಲಿಸುವುದರಿಂದ ಹಿಡಿದು ಮೂಳೆ ಕತ್ತರಿಸಿ ಕೂಡಿಸುವವರೆಗೆ ಬೇರೆ ಬೇರೆ ಇದೆ, ಕೆಲವದರಲ್ಲಿ ಬೆರಳ ತುದಿಯಿಂದ ತಂತಿ ಹಾಕಿ ಕೆಲವು ವಾರ ಬಿಡುತ್ತಾರೆ, ಊತ ಇಳಿಯಲು ತಿಂಗಳುಗಳೇ ಬೇಕು. ನೋವಿಲ್ಲದ ಬೆರಳಿಗೆ ಬರೀ ಚೆಂದಕ್ಕಾಗಿ ಇದು ಬೇಡ ಅನ್ನುವುದು ನನ್ನ ಅಭಿಪ್ರಾಯ.

ಡಾಕ್ಟರ ಹತ್ತಿರ ಹೋಗುವಾಗ ಹೊಸ ಚಪ್ಪಲಿ ಹಾಕಿಕೊಂಡು ಹೋಗಬೇಡಿ. ದಿನಾ ಹಾಕುವ ಹಳೆಯದನ್ನೇ ಹಾಕಿಕೊಳ್ಳಿ. ಅದರ ಅಡಿ ಎಲ್ಲಿ ಸವೆದಿದೆ, ಬೆರಳು ಎಲ್ಲಿ ಒತ್ತಿದೆ ಅನ್ನುವುದು ಅವರಿಗೆ ನೋಡಲು ಸಿಗುತ್ತದೆ. ಸಕ್ಕರೆಯ ರಿಪೋರ್ಟು ಇದ್ದರೆ ಅದನ್ನೂ ಜೊತೆಗಿಟ್ಟುಕೊಳ್ಳಿ.