ದಾರಿಯಲ್ಲಿ ಎಷ್ಟು ಸಲ ಕೂರಬೇಕು?

"ಮೀಟರ್ ಲೆಕ್ಕ ನನಗೆ ಗೊತ್ತಾಗಲ್ಲ ಮಗಾ. ದಾರಿಯಲ್ಲಿ ಎಷ್ಟು ಸಲ ಕೂರಬೇಕು, ಅದು ಹೇಳು."

ಉಮ್ರಾ ಯಾತ್ರೆಗೆ ಮಕ್ಕಾದಲ್ಲಿ, ಕಾಬಾ ಇರುವ ಹರಂ ಮಸೀದಿಯ ಹತ್ತಿರ ರೂಮು ಕೇಳಲು ಸೋಮವಾರ ಟ್ರಾವೆಲ್ಸ್ ಆಫೀಸಿಗೆ ಹೋದಾಗ ಉಮ್ಮ ಕೇಳಿದ ಈ ಮಾತು ಇನ್ನೂ ಕಿವಿಯಲ್ಲೇ ಇದೆ. "ಹರಂನಿಂದ 600 ಮೀಟರ್ ಅಷ್ಟೇ ಉಮ್ಮ" ಅಂದಿದ್ದ ಹುಡುಗ ಇದಕ್ಕೆ ಸುಮ್ನೆ ನಕ್ಕ. ಒಳ್ಳೆಯವನೇ, ಚಹಾ ತರಿಸಿಕೊಟ್ಟ. ಆದರೆ ಆ ನಗು ನನಗೆ ಹಿಡಿಸಲಿಲ್ಲ. ಉಮ್ಮನಿಗೆ 71 ವರ್ಷ, ಎರಡೂ ಮೊಣಕಾಲು ನೋವು. ಮನೆಯಿಂದ ರೇಷನ್ ಅಂಗಡಿಗೆ ಹೋಗುವಾಗ ಎರಡು ಸಲ ಕೂರುತ್ತಾರೆ. ಒಮ್ಮೆ ಮೋರಿಕಟ್ಟೆ ಮೇಲೆ, ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ. ಅವರಿಗೆ ದೂರ ಅಂದ್ರೆ ಅದೇ.

ಮನೆಗೆ ಬಂದು ಮ್ಯಾಪ್ ತೆರೆದು ಕೂತೆ. ಆ ಹುಡುಗ ಹೇಳಿದ ಹೋಟೆಲ್ ಇದ್ದದ್ದು ಮಕ್ಕಾದ ಅಜ್ಯಾದ್ ಕಡೆ, ಏರು ರಸ್ತೆಯಲ್ಲಿ. ಹೋದ ವರ್ಷ ಉಮ್ರಾ ಮಾಡಿ ಬಂದ ಚಿಕ್ಕಮ್ಮನಿಗೆ ಫೋನ್ ಮಾಡಿದೆ. "ಹೋಗುವಾಗ ಇಳಿಜಾರು, ಗೊತ್ತೇ ಆಗಲ್ಲ. ತವಾಫ್, ಸಈ ಮುಗಿಸಿ ಬರುವಾಗ ಅದೇ ರಸ್ತೆ ಹತ್ತಬೇಕಲ್ವಾ?" ಅಂದರು. ತವಾಫ್ ಅಂದ್ರೆ ಕಾಬಾಕ್ಕೆ ಸುತ್ತು ಬರುವುದು. ಸಈ ಅಂದ್ರೆ ಸಫಾ, ಮರ್ವಾ ಅನ್ನುವ ಎರಡು ಗುಡ್ಡಗಳ ಮಧ್ಯೆ ಏಳು ಸಲ ನಡೆಯುವುದು, ಅದೇ ಹತ್ತಿರ ಹತ್ತಿರ 3 ಕಿಲೋಮೀಟರ್. ಒಳಗೆ ವೀಲ್‌ಚೇರ್ ಸಿಗುತ್ತದೆ. ಆದರೆ ರೂಮಿಗೆ ಏರು ಹತ್ತಿಸುವವರು ಯಾರು? ದೂರದ ಅಝೀಝಿಯಾ ಬಡಾವಣೆಯಲ್ಲಿ ರೂಮು ಅಗ್ಗ, ಆದರೆ ದಿನಾ ಬಸ್ಸಿಗೆ ಕಾಯಬೇಕು. ಶುಕ್ರವಾರ ನಮಾಝಿನ ಸಾಲು ಬೀದಿಗೇ ಬಂದುಬಿಡುತ್ತದೆ, ಬಸ್ಸು ಹತ್ತಿರ ಬರುವುದೇ ಕಷ್ಟ. ಗಡಿಯಾರ ಗೋಪುರದ ಹೋಟೆಲಿನಲ್ಲಿ ಉಳಿದರೆ ಇಳಿದ ತಕ್ಷಣ ಹರಂನ ಅಂಗಳ. ಆ ರೇಟು ಕೇಳಿ ನಾನೂ ತಮ್ಮನೂ ಮಾತಾಡಲಿಲ್ಲ.

ನನಗೆ ಸಂಕಟವಾಗುವುದು ಇಲ್ಲೇ. ಉಮ್ಮ ಬೀಡಿ ಕಟ್ಟಿ ನಮ್ಮನ್ನು ಓದಿಸಿದವರು. ಈ ಪ್ರಯಾಣಕ್ಕೆ ಅಂತ ಸೀರೆ ಮಡಿಕೆಯಲ್ಲಿ ಹದಿನೈದು ವರ್ಷ ಹಣ ಇಟ್ಟವರು. ಇಂಥವರೆಲ್ಲ ಕೈಯಲ್ಲಿ ದುಡ್ಡು ಸೇರುವ ಹೊತ್ತಿಗೆ ಕಾಲು ಸೋತಿರುತ್ತದೆ. ಹತ್ತಿರದ ರೂಮು ಯಾರಿಗೆ ಜಾಸ್ತಿ ಬೇಕೋ ಅವರಿಗೇ ದೂರದ್ದು ಸಿಗುತ್ತದೆ. ಯಾತ್ರೆಯ ಸರಳ ಉಡುಪು ಇಹ್ರಾಮ್ ತೊಟ್ಟ ಮೇಲೆ ಎಲ್ಲರೂ ಒಂದೇ ಅನ್ನುತ್ತೇವೆ. ರೂಮಿನ ಬಾಗಿಲವರೆಗೂ ಅದು ಹಾಗೇ ಇದ್ದಿದ್ದರೆ ಅಂತ ನಾಲ್ಕು ದಿನದಿಂದ ಅನ್ನಿಸುತ್ತಿದೆ.

ಕೊನೆಗೆ ನಡೆಯಲು ಸುಲಭದ ರೂಮು ಸಿಗಲಿ ಅಂತ 15 ದಿನದ ಪ್ಯಾಕೇಜ್ ಬಿಟ್ಟು 10 ದಿನದ್ದು ನೋಡಿದೆವು. ಮಕ್ಕಾದಲ್ಲಿ ಇಬ್ರಾಹಿಂ ಖಲೀಲ್ ರಸ್ತೆಯ ಹೋಟೆಲ್, ಅಲ್ಲಿ ಅಷ್ಟೊಂದು ಏರಿಲ್ಲ. ಮದೀನಾದಲ್ಲಿ ಪ್ರವಾದಿಯವರ ಮಸೀದಿಯ ಉತ್ತರಕ್ಕೆ ರೂಮು. ಹೆಂಗಸರ ಗೇಟು ಆ ಕಡೆಯೇ. ಆದರೂ ಹಣ ಕಟ್ಟಲು ಧೈರ್ಯ ಬರಲಿಲ್ಲ. ಜಿದ್ದಾದಲ್ಲಿ ಡ್ರೈವರ್ ಆಗಿರುವ ನಮ್ಮೂರ ಹುಡುಗನಿಗೆ ಉಮ್ಮನ ಪ್ರಶ್ನೆಯನ್ನೇ ಕಳಿಸಿದೆ.

ಅವನು ನಗಲಿಲ್ಲ. ನಿನ್ನೆ ರಾತ್ರಿಯ ಇಶಾ ನಮಾಝ್ ಮುಗಿಸಿ ಮಕ್ಕಾದ ಆ ಹೋಟೆಲ್ ಬಾಗಿಲಿನಿಂದ ಹರಂನ ಅಂಗಳದವರೆಗೆ ನಿಧಾನ ನಡೆದು ವಾಯ್ಸ್ ಕಳಿಸಿದ್ದಾನೆ. ಹಿಂದೆ ಜನರ ಗದ್ದಲ, ಮಧ್ಯೆ ಅವನ ಏದುಸಿರು. "ಉಮ್ಮ, ಎರಡು ಸಲ. ಒಂದು ಅಂಗಡಿಯ ಮೆಟ್ಟಿಲು ಇದೆ, ಆಮೇಲೆ ಒಂದು ಗಿಡದ ಕಟ್ಟೆ ಇದೆ. ನಾನೂ ಎರಡು ಕಡೆ ಕೂತು ನೋಡಿದೆ."

ಉಮ್ಮ ಅದನ್ನು ಮೂರು ಸಲ ಹಾಕಿಸಿ ಕೇಳಿದರು. "ರೇಷನ್ ಅಂಗಡಿಯಷ್ಟೇ" ಅಂದರು.